ಬೆನ್ನ ಮೇಲೆ ಹೊತ್ತೊಯ್ಯುವ ದೋಣಿ: ಮೂರು ಬೇಸಿಗೆಗಳ ಬಳಕೆಯ ನಂತರ

ಮ್ಯೂನಿಕ್ ನಗರದ ಬಾಡಿಗೆ ಮನೆಯೊಂದರ ನಾಲ್ಕನೆಯ ಮಹಡಿಯಲ್ಲಿ ಕಾರಿಲ್ಲದೆ ಸಂಸಾರ ನಡೆಸುತ್ತಿರುವ ನಾನು ಮೂರು ವರ್ಷಗಳ ಹಿಂದೆ ಒಂದು ದೋಣಿಯನ್ನು ಕೊಂಡೆ. ಮಡಚಿಟ್ಟಾಗ ಅದು ಮುಕ್ಕಾಲು ಮೀಟರ್ ಎತ್ತರದ ಬೆನ್ನುಚೀಲದಲ್ಲಿ ಅಡಗುತ್ತದೆ, ಜೋಡಿಸಿದಾಗ 3.9 ಮೀಟರ್ ಉದ್ದವಾಗಿ ನನಗೂ ಎಂಟು ವರ್ಷದ ಮಗಳಿಗೂ ಕಾಲು ಚಾಚಿ ಕೂರುವಷ್ಟು ಜಾಗ ಕೊಡುತ್ತದೆ. ದೋಣಿಯ ತೂಕ 13 ಕಿಲೋ. ಹುಟ್ಟು, ಪಂಪ್, ಎರಡು ಲೈಫ್ ಜಾಕೆಟ್ ಮತ್ತು ಬುತ್ತಿ ಸೇರಿದರೆ 18 ಕಿಲೋ ಆಗುತ್ತದೆ. ತಯಾರಕರ ಹೆಸರನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಯುರೋಪಿನಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಗಳು ಇದೇ ಬಗೆಯ ದೋಣಿಯನ್ನು ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಮಾರುತ್ತವೆ. ನಾನು ಕಂಡ ಒಳಿತು ಕೆಡುಕುಗಳಲ್ಲಿ ಬಹುಪಾಲು ಈ ವಿನ್ಯಾಸಕ್ಕೇ ಸೇರಿದವು.

ಮಡಚುವ ದೋಣಿ ಬೇಕೆಂದು ಕೇಳಿದವರಿಗೆ ಅಂಗಡಿಯವರು ಸಾಮಾನ್ಯವಾಗಿ ಮೂರು ಬೇರೆ ಬೇರೆ ವಸ್ತುಗಳನ್ನು ತೋರಿಸುತ್ತಾರೆ. ಮೊದಲನೆಯದು ಬರೀ ಗಾಳಿ ತುಂಬಿಸುವಂಥದ್ದು. ಅಗ್ಗ, ಹತ್ತು ನಿಮಿಷದಲ್ಲಿ ಸಿದ್ಧ, ಆದರೆ ಎದುರುಗಾಳಿ ಬಂದರೆ ಎಲೆಯಂತೆ ಹಿಂದಕ್ಕೆ ತೇಲುತ್ತದೆ. ಎರಡನೆಯದು ಪಾಲಿಪ್ರೊಪಿಲೀನ್ ಹಾಳೆಯನ್ನು ಗೀರಿದ ಗೆರೆಗಳಲ್ಲಿ ಮಡಚುವಂಥದ್ದು. ಸ್ಯಾನ್ ಫ್ರಾನ್ಸಿಸ್ಕೋದ ವಾಸ್ತುಶಿಲ್ಪಿ ಆಂಟನ್ ವಿಲ್ಲಿಸ್ ತಮ್ಮ ಸಣ್ಣ ಮನೆಯಲ್ಲಿ ಕಯಾಕ್ ಇಡಲು ಜಾಗವಿಲ್ಲದೆ, ಕಾಗದ ಮಡಚುವ ಒರಿಗಾಮಿ ಕಲೆಯಿಂದ ಪ್ರೇರಣೆ ಪಡೆದು ರೂಪಿಸಿದ ‘ಒರು ಕಯಾಕ್’ 2012ರಲ್ಲಿ ಜನರಿಂದಲೇ ಮುಂಗಡ ಹಣ ಪಡೆದು ಮಾರುಕಟ್ಟೆಗೆ ಬಂದಿತು. ಅದಕ್ಕೂ ದಶಕಗಳ ಮೊದಲೇ ಕ್ಯಾಲಿಫೋರ್ನಿಯಾದಲ್ಲಿ ತಯಾರಾದ ‘ಪೋರ್ಟಾ-ಬೋಟ್’ ಇದೇ ಪ್ಲಾಸ್ಟಿಕ್ಕಿನದು. ಮೋಟಾರ್ ಕಟ್ಟಬಹುದಾದ ಆ ಗಟ್ಟಿ ದೋಣಿ ಸುಮಾರು 10 ಸೆಂಟಿಮೀಟರ್ ದಪ್ಪದ ಹಲಗೆಯಂತೆ ಚಪ್ಪಟೆಯಾಗುತ್ತದೆ. ಆದರೆ ಚಪ್ಪಟೆಯಾದರೂ ಅದರ ಉದ್ದ ಕಡಿಮೆಯಾಗುವುದಿಲ್ಲವಾದ್ದರಿಂದ ಕಾರಿನ ಛಾವಣಿ ಇದ್ದವರಿಗಷ್ಟೇ ಅದು ಒಗ್ಗುತ್ತದೆ. ಮೂರನೆಯದು ಚೌಕಟ್ಟಿನ ಮೇಲೆ ಬಟ್ಟೆ ಅಥವಾ ರಬ್ಬರಿನ ಚರ್ಮವನ್ನು ಬಿಗಿದು ಕಟ್ಟುವಂಥದ್ದು. ನನ್ನದು ಈ ಮೂರನೆಯ ಬಗೆ: ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಪಿವಿಸಿ ಲೇಪಿಸಿದ ಹೊದಿಕೆ, ಎರಡೂ ಪಕ್ಕಗಳಲ್ಲಿ ಉದ್ದನೆಯ ಗಾಳಿಚೀಲ.

ಒಳಗೆ ಪಂಜರ, ಹೊರಗೆ ಚರ್ಮ ಎಂಬ ಈ ಉಪಾಯ ಗಂಗಾವತಿಯ ಕಡೆಯವನಾದ ನನಗೆ ಹೊಸದೇನಲ್ಲ. ಆನೆಗೊಂದಿಗೆ ಹೋಗಲು ತಳವಾರಘಟ್ಟದಲ್ಲಿ ಹರಿಗೋಲು ಹತ್ತಿದವರಿಗೆ ಗೊತ್ತು, ಬಿದಿರಿನ ಹೆಣಿಗೆಯ ಮೇಲೆ ಹೊದಿಕೆ ಬಿಗಿದ ಆ ಬುಟ್ಟಿ ಎಷ್ಟು ಹಗುರವೆಂದರೆ ದಡ ಮುಟ್ಟಿದ ಅಂಬಿಗ ಅದನ್ನು ತಲೆಯ ಮೇಲೆ ಕವುಚಿಕೊಂಡು ನಡೆದುಬಿಡುತ್ತಾನೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬೆತ್ತದ ಒಡಲಿಗೆ ಚರ್ಮ ಹೊದಿಸಿದ ಆ ದುಂಡು ದೋಣಿಗಳಲ್ಲಿ ಹದಿನೈದಿಪ್ಪತ್ತು ಜನ ದಾಟುತ್ತಿದ್ದುದನ್ನೂ ಅವು ಸಾಗುವಾಗ ಸದಾ ತಿರುಗುತ್ತಲೇ ಇದ್ದುದನ್ನೂ ದಾಖಲಿಸಿದ್ದಾರೆ. ಹೊತ್ತೊಯ್ಯಲು ಸುಲಭವಾದರೂ ಹರಿಗೋಲನ್ನು ಮಡಚಲಾಗದು. ಮಡಚುವ ವಿದ್ಯೆ ಪಕ್ವವಾದದ್ದು ನಾನಿರುವ ಈ ಬವೇರಿಯಾದಲ್ಲೇ. ಮ್ಯೂನಿಕ್‌ನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಆಲ್ಫ್ರೆಡ್ ಹಾಯ್‌ರಿಷ್ 1905ರಲ್ಲಿ ತಾನೇ ಕಟ್ಟಿದ ಮಡಚುವ ದೋಣಿಯಲ್ಲಿ ಬಾಡ್ ಟೋಲ್ಜ್ ಊರಿನಿಂದ ಮ್ಯೂನಿಕ್‌ವರೆಗೆ ಈಸಾರ್ ನದಿಯಲ್ಲಿ ಬಂದ. 1907ರಲ್ಲಿ ಆ ವಿನ್ಯಾಸದ ಹಕ್ಕನ್ನು ರೋಸೆನ್‌ಹೈಮ್‌ನ ದರ್ಜಿ ಯೋಹಾನ್ ಕ್ಲೆಪರ್ ಕೊಂಡು ತಯಾರಿಕೆ ಆರಂಭಿಸಿದ. ದೋಣಿಯ ಅರ್ಧ ಕೆಲಸ ಬಟ್ಟೆ ಕತ್ತರಿಸಿ ಹೊಲಿಯುವುದೇ ಆದ್ದರಿಂದ, ಅದನ್ನು ಕೈಗೆತ್ತಿಕೊಂಡವನು ಬಡಗಿಯಲ್ಲ, ದರ್ಜಿ ಎಂಬುದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಶನಿವಾರ ದೋಣಿಯನ್ನು ಚೀಲದಲ್ಲಿಟ್ಟುಕೊಂಡು ರೈಲಿನಲ್ಲಿ ನದಿಯ ಮೇಲ್ಭಾಗಕ್ಕೆ ಹೋಗಿ, ಭಾನುವಾರ ಸಂಜೆಗೆ ನೀರಿನ ಮೇಲೆಯೇ ಊರಿಗೆ ಮರಳುವ ಪದ್ಧತಿ ಜರ್ಮನಿಯ ನಗರವಾಸಿಗಳಲ್ಲಿ ಬೆಳೆದದ್ದು ಹೀಗೆ.

ಈ ದೋಣಿಗಳು ಆಟಿಕೆಗಳೆಂದು ಭಾವಿಸುವವರಿಗೆ ಎರಡು ಉದಾಹರಣೆಗಳು ಸಾಕು. ಕೆಲಸ ಕಳೆದುಕೊಂಡಿದ್ದ ಓಸ್ಕರ್ ಸ್ಪೆಕ್ ಎಂಬಾತ 1932ರಲ್ಲಿ ಉಲ್ಮ್ ನಗರದಿಂದ ಡ್ಯಾನ್ಯೂಬ್ ನದಿಗಿಳಿದು, ಏಳು ವರ್ಷ ಹುಟ್ಟು ಹಾಕುತ್ತ, ಭಾರತದ ಪಶ್ಚಿಮ ಕರಾವಳಿಯನ್ನೂ ಹಾದು, 1939ರಲ್ಲಿ ಆಸ್ಟ್ರೇಲಿಯಾದ ನೀರನ್ನು ಮುಟ್ಟಿದ. ವೈದ್ಯ ಹಾನ್ನೆಸ್ ಲಿಂಡೆಮನ್ 1956ರಲ್ಲಿ 5.2 ಮೀಟರ್ ಉದ್ದದ ಕ್ಲೆಪರ್ ದೋಣಿಯಲ್ಲಿ ಒಬ್ಬನೇ 72 ದಿನಗಳಲ್ಲಿ ಅಟ್ಲಾಂಟಿಕ್ ದಾಟಿದ. ನನ್ನ ದೋಣಿ ಅಂಥ ಸಾಹಸಕ್ಕೆ ಮಾಡಿದ್ದಲ್ಲ, ನಾನೂ ಅಂಥವನಲ್ಲ. ಆದರೂ ಮಡಚುವ ಚೌಕಟ್ಟು ದುರ್ಬಲವೆಂಬ ಶಂಕೆ ಬಂದಾಗಲೆಲ್ಲ ಇವರಿಬ್ಬರನ್ನು ನೆನೆಯುತ್ತೇನೆ.

ಇನ್ನು ಜೋಡಣೆಯ ವಿಷಯ. ಜಾಹೀರಾತುಗಳಲ್ಲಿ ಹೇಳುವ ಹದಿನೈದು ನಿಮಿಷವನ್ನು ನಂಬಬೇಡಿ. ಮೊದಲ ದಿನ ಮನೆಯ ಹಜಾರದಲ್ಲಿ ಮೇಜು ಕುರ್ಚಿಗಳನ್ನು ಸರಿಸಿ ಜೋಡಿಸಲು ಕುಳಿತಾಗ ನನಗೆ ಒಂದು ಗಂಟೆ ಹತ್ತು ನಿಮಿಷ ಬೇಕಾಯಿತು. ಈಗ ದಡದಲ್ಲಿ ಇಪ್ಪತ್ತೈದು ನಿಮಿಷ ಸಾಕು, ಮಗಳು ಕೈಜೋಡಿಸಿದರೆ ಇಪ್ಪತ್ತು. ಡೇರೆಯ ಕಂಬಗಳಂತೆ ಒಳಗೆ ಎಲಾಸ್ಟಿಕ್ ಹುರಿಯಿರುವ ಕೊಳವೆಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಉದ್ದನೆಯ ಗೋಲುಗಳಾಗುತ್ತವೆ. ಅವುಗಳನ್ನು ಹೊದಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ಚಾಚಿ, ಆಮೇಲೆ ಪಕ್ಕೆಲುಬುಗಳನ್ನು ಒಂದೊಂದಾಗಿ ಅಡ್ಡಲಾಗಿ ನಿಲ್ಲಿಸಿ, ಪ್ರತಿ ಕೂಡಿನಲ್ಲೂ ಪ್ಲಾಸ್ಟಿಕ್ ಹಿಡಿಕೆಯನ್ನು ‘ಟಕ್’ ಎಂದು ಕೂರಿಸಬೇಕು. ಕೊನೆಯ ಪಕ್ಕೆಲುಬನ್ನು ಕೂರಿಸುವಾಗ ಹೊದಿಕೆ ಪೂರ್ತಿ ಬಿಗಿದಿರುತ್ತದೆಯಾದ್ದರಿಂದ ಮೊಣಕಾಲಿನಿಂದ ಒತ್ತಲೇಬೇಕಾಗುತ್ತದೆ. ಬೆರಳಿಗೆ ಶಕ್ತಿ ಕಡಿಮೆ ಇರುವವರು ಕೊಳ್ಳುವ ಮೊದಲು ಅಂಗಡಿಯಲ್ಲೇ ಈ ಒಂದು ಹೆಜ್ಜೆಯನ್ನಾದರೂ ಮಾಡಿ ನೋಡುವುದು ಒಳ್ಳೆಯದು. ಗಾಳಿಚೀಲಗಳನ್ನು ಉಬ್ಬಿಸುವುದು ಎಲ್ಲಕ್ಕೂ ಕೊನೆಗೆ. ಅವು ಉಬ್ಬಿದಂತೆ ಸುಕ್ಕುಗಳೆಲ್ಲ ಮಾಯವಾಗಿ, ಬಡಿದರೆ ತಮಟೆಯಂತೆ ದನಿ ಕೊಡುವಷ್ಟು ಹೊದಿಕೆ ಬಿಗಿಯಾಗುವುದನ್ನು ನೋಡುವ ಸಂತೋಷ ಮೂರು ವರ್ಷದ ನಂತರವೂ ಕಡಿಮೆಯಾಗಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿ ಹೇಳಲೇಬೇಕು. ಬಿಸಿಲಿನಲ್ಲಿ ಗಟ್ಟಿಯಾಗಿ ಉಬ್ಬಿಸಿದ ಚೀಲ ತಣ್ಣೀರಿಗಿಳಿದ ಮೇಲೆ ಮೆತ್ತಗಾಗುತ್ತದೆ, ಒಳಗಿನ ಗಾಳಿ ಕುಗ್ಗುವುದೇ ಅದಕ್ಕೆ ಕಾರಣ. ಇದನ್ನು ತಿಳಿಯದ ನಾನು ಮೊದಲ ತಿಂಗಳಲ್ಲಿ ದಡದಿಂದ ಬಹಳ ದೂರ ಹೋದ ಮೇಲೆ ದೋಣಿ ಸಡಿಲವಾದದ್ದನ್ನು ಕಂಡು, ಎಲ್ಲೋ ತೂತು ಬಿದ್ದಿದೆಯೆಂದು ಗಾಬರಿಯಾಗಿ ಹಿಂದಿರುಗಿದ್ದೆ. ಈಗ ದೋಣಿಯನ್ನು ಹತ್ತು ನಿಮಿಷ ನೀರಿನಲ್ಲಿ ತೇಲಿಸಿಟ್ಟು, ಮತ್ತೆ ನಾಲ್ಕು ಬಾರಿ ಪಂಪ್ ಒತ್ತಿ, ಆಮೇಲೆ ಹೊರಡುತ್ತೇನೆ. ಇದಕ್ಕೆ ವಿರುದ್ಧವಾಗಿ, ಉಬ್ಬಿಸಿದ ದೋಣಿಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ದಡದ ಮೇಲೆ ಬಿಟ್ಟರೆ ಹೊಲಿಗೆಯೇ ಬಿರಿಯುವ ಸಂಭವವಿದೆ. ಊಟಕ್ಕೆ ಕೂರುವಾಗ ಸ್ವಲ್ಪ ಗಾಳಿ ಬಿಟ್ಟುಬಿಡಬೇಕು.

ನೀರಿನ ಮೇಲೆ ಈ ದೋಣಿಯ ನಡತೆ ನನ್ನ ನಿರೀಕ್ಷೆಗಿಂತ ಬಹಳ ಚೆನ್ನಾಗಿದೆ. ಚೌಕಟ್ಟು ಕೊಂಚ ಬಾಗುತ್ತದೆ. ಅಲೆ ಬಂದಾಗ ಅದನ್ನು ಸೀಳದೆ ಅದರ ಮೇಲೆ ಮೈಯನ್ನು ಹೊಂದಿಸಿಕೊಳ್ಳುತ್ತದೆ. ಮೊದಲು ಈ ಮಿಡಿತ ಹೆದರಿಕೆ ಹುಟ್ಟಿಸುತ್ತದೆ, ಕೆಲವೇ ದಿನಗಳಲ್ಲಿ ಅದೇ ಧೈರ್ಯ ಕೊಡುತ್ತದೆ. ಪಕ್ಕದ ಗಾಳಿಚೀಲಗಳಿಂದಾಗಿ ಮಗಳು ಒಂದು ಕಡೆಗೆ ವಾಲಿ ನೀರಿನಲ್ಲಿ ಕೈಯಾಡಿಸಿದರೂ ದೋಣಿ ಮಗುಚುವ ಸೂಚನೆ ಕೊಡುವುದಿಲ್ಲ. ನೇರವಾಗಿ ಸಾಗುವ ವಿಷಯದಲ್ಲಿ ಮಾತ್ರ ಕೊರತೆಯಿದೆ: ಹಿಂಭಾಗದ ಅಡಿಯಲ್ಲಿ ಸಿಕ್ಕಿಸುವ ಸಣ್ಣ ರೆಕ್ಕೆಯನ್ನು ಮರೆತು ಹೊರಟರೆ, ಪಾಯೆಸ್ ಕಂಡ ಹರಿಗೋಲಿನಷ್ಟಲ್ಲದಿದ್ದರೂ, ಪ್ರತಿ ಹುಟ್ಟಿಗೂ ಮೂತಿ ಎಡಕ್ಕೆ ಬಲಕ್ಕೆ ತೂಗುತ್ತದೆ. ರೆಕ್ಕೆ ಇದ್ದಾಗ ಗಂಟೆಗೆ ನಾಲ್ಕು ಕಿಲೋಮೀಟರ್ ವೇಗದಲ್ಲಿ ದಣಿವಿಲ್ಲದೆ ಹೋಗಬಹುದು. ಅದಕ್ಕಿಂತ ಹೆಚ್ಚಿಸಲು ಹೊರಟರೆ ಬೆವರು ಸುರಿಯುತ್ತದೆಯೇ ಹೊರತು ವೇಗ ಬರುವುದಿಲ್ಲ.

ಗಾಳಿಯೇ ಈ ಹಗುರ ದೋಣಿಯ ನಿಜವಾದ ಮಿತಿ. ಆಲ್ಪ್ಸ್ ಪರ್ವತಗಳ ತಪ್ಪಲಿನ ಸರೋವರಗಳಲ್ಲಿ ಬೇಸಿಗೆಯ ಮಧ್ಯಾಹ್ನ ಗುಡುಗು ಮಳೆ ಬರಲು ಅರ್ಧ ಗಂಟೆಯೂ ಬೇಡ. ಇಲ್ಲಿನ ದೊಡ್ಡ ಸರೋವರಗಳ ದಡದಲ್ಲಿ ಎಚ್ಚರಿಕೆಯ ದೀಪಗಳನ್ನು ನಿಲ್ಲಿಸಿದ್ದಾರೆ. ನಿಮಿಷಕ್ಕೆ 40 ಬಾರಿ ಮಿನುಗಿದರೆ ಬಲವಾದ ಗಾಳಿಯ ಮುನ್ಸೂಚನೆ, 90 ಬಾರಿ ಮಿನುಗಿದರೆ ಬಿರುಗಾಳಿಯ ಎಚ್ಚರಿಕೆ. ಹಾಯಿದೋಣಿಯವರು ಮೊದಲ ಸಂಕೇತಕ್ಕೆ ಆಕಾಶವನ್ನೊಮ್ಮೆ ನೋಡಿಯಾರು, ಆದರೆ 13 ಕಿಲೋ ತೂಕದ ದೋಣಿಯಲ್ಲಿ ಮಗುವನ್ನು ಕೂರಿಸಿಕೊಂಡವನು ಆಗಲೇ ಹತ್ತಿರದ ದಡಕ್ಕೆ ತಿರುಗಬೇಕು. ಅದು ಹೊರಟ ದಡವೇ ಆಗಬೇಕೆಂದಿಲ್ಲ. ಎರಡನೆಯ ಬೇಸಿಗೆಯಲ್ಲಿ ನಾವು ಹೀಗೆ ಯಾವುದೋ ಹಳ್ಳಿಯ ಕಟ್ಟೆಗೆ ಸೇರಿ, ಮರದಡಿಯಲ್ಲಿ ದೋಣಿಯನ್ನು ಬಿಚ್ಚಿ ಚೀಲಕ್ಕೆ ತುಂಬಿ, ಮಳೆಯಲ್ಲೇ ನಡೆದು ಬಸ್ಸು ಹತ್ತಿ ಮನೆಗೆ ಬಂದೆವು. ಗಟ್ಟಿ ದೋಣಿಯಾಗಿದ್ದರೆ ಅದನ್ನು ಬಿಟ್ಟುಬರಲಾಗದೆ ಎದುರುಗಾಳಿಯಲ್ಲಿ ಹಿಂದಿರುಗುವ ಹಟಕ್ಕೆ ಬೀಳುತ್ತಿದ್ದೆನೇನೋ. ಎಲ್ಲಿ ಬೇಕಾದರೂ ಪ್ರಯಾಣ ನಿಲ್ಲಿಸಬಹುದೆಂಬ ಈ ಸ್ವಾತಂತ್ರ್ಯವನ್ನು ನಾನು ಸುರಕ್ಷತೆಯ ಸಾಧನವೆಂದೇ ಎಣಿಸುತ್ತೇನೆ, ಮತ್ತು ಮಡಚುವ ದೋಣಿಯ ಪರವಾಗಿ ನನ್ನ ಬಳಿಯಿರುವ ಅತಿ ಬಲವಾದ ಮಾತು ಇದೇ. ಲೈಫ್ ಜಾಕೆಟ್ ಬಗ್ಗೆ ಚರ್ಚೆಯೇ ಬೇಡ. ಮೇ ತಿಂಗಳಲ್ಲಿ ದಡದಲ್ಲಿ ಅಂಗಿಯ ತೋಳು ಮಡಚುವಷ್ಟು ಬಿಸಿಲಿದ್ದರೂ ಈ ಸರೋವರಗಳ ನೀರು ಉಸಿರು ಕಟ್ಟಿಸುವಷ್ಟು ತಣ್ಣಗಿರುತ್ತದೆ.

ಸಾಗಣೆ ನನಗೆ ಸುಲಭವಾಗಿರುವುದಕ್ಕೆ ದೋಣಿಯಷ್ಟೇ ಇಲ್ಲಿನ ರೈಲುಗಳೂ ಕಾರಣ. ಎಸ್6 ಲೋಕಲ್ ರೈಲು ಹಿಡಿದರೆ ಸ್ಟಾರ್ನ್‌ಬೆರ್ಗ್ ನಿಲ್ದಾಣ ನೀರಿಗೆ ಅಂಟಿಕೊಂಡಂತೆಯೇ ಇದೆ. ಎಸ್8 ಹೆರ್ಶಿಂಗ್ ಊರಿನ ಅಮ್ಮರ್‌ಸೇ ಸರೋವರಕ್ಕೆ ಒಯ್ಯುತ್ತದೆ. ನಮ್ಮ ಅಚ್ಚುಮೆಚ್ಚಿನ ದಾರಿಯೆಂದರೆ ಸ್ಟಾರ್ನ್‌ಬೆರ್ಗ್ ಸರೋವರದ ದಡದ ಪೊಸೆನ್‌ಹೋಫನ್‌ನಲ್ಲಿ ಇಳಿದು, ಅಲ್ಲಿನ ಹುಲ್ಲುಗಾವಲಿನಲ್ಲಿ ದೋಣಿ ಜೋಡಿಸಿ, ದಡದುದ್ದಕ್ಕೂ ದಕ್ಷಿಣಕ್ಕೆ ಸಾಗಿ ರೋಸೆನ್‌ಇನ್ಸೆಲ್ ಎಂಬ ಪುಟ್ಟ ದ್ವೀಪವನ್ನು ಸುತ್ತಿ ಬರುವುದು. ಸಾವಿರಾರು ವರ್ಷಗಳ ಹಿಂದೆ ನೀರಿನಂಚಿನಲ್ಲಿ ಕಂಬಗಳ ಮೇಲೆ ಮನೆ ಕಟ್ಟಿದ್ದ ಜನರ ಕುರುಹುಗಳು ಅಲ್ಲಿ ಸಿಕ್ಕಿವೆ. ಆಲ್ಪ್ಸ್ ಸುತ್ತಲಿನ ಅಂಥ ನೆಲೆಗಳ ಜೊತೆಗೆ ಅದೂ 2011ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಜೊಂಡು ಬೆಳೆದ ಅಂಚುಗಳು ಹಕ್ಕಿಗಳ ಗೂಡಿನ ಜಾಗಗಳಾದ್ದರಿಂದ ಅವುಗಳಿಂದ ದೂರವೇ ಇರಬೇಕು. ಚೀಲವನ್ನು ರೈಲಿನಲ್ಲಿ ಈವರೆಗೆ ಯಾರೂ ಪ್ರಶ್ನಿಸಿಲ್ಲ, ಆದರೆ ಬೇಸಿಗೆಯ ಭಾನುವಾರ ಸಂಜೆ ಐದರ ರೈಲಿನಲ್ಲಿ 18 ಕಿಲೋ ಹೊತ್ತು ನಿಲ್ಲುವುದು ಸುಖಕರವಲ್ಲ. ತಯಾರಕರು ಕೊಟ್ಟ ಚೀಲಕ್ಕೆ ಸೊಂಟಪಟ್ಟಿಯೇ ಇರಲಿಲ್ಲ. ಇಷ್ಟು ಭಾರಕ್ಕೆ ಸೊಂಟಪಟ್ಟಿ ಇಲ್ಲದ ಚೀಲ ಕೊಡುವುದು ಕ್ಷಮಿಸಲಾಗದ ಅಲಕ್ಷ್ಯವೆಂದು ನನ್ನ ಅಭಿಪ್ರಾಯ. ಎರಡನೆಯ ತಿಂಗಳಲ್ಲೇ ಬೇರೆ ಚೀಲ ಕೊಂಡೆ.

ದೋಣಿ ಕೊಳ್ಳುವವರು ಯಾರೂ ಕೇಳದ, ಮಾರುವವರು ಯಾರೂ ಹೇಳದ ವಿಷಯವೆಂದರೆ ಒಣಗಿಸುವುದು. ನೀರಿನಿಂದ ಎತ್ತಿದ ದೋಣಿಯ ಹೊರಮೈಯನ್ನು ಐದು ನಿಮಿಷದಲ್ಲಿ ಒರೆಸಬಹುದು, ಆದರೆ ಒಳಗೆ ಕಾಲಿನಿಂದ ಬಂದ ನೀರು, ಮರಳು, ಹುಲ್ಲಿನ ಎಸಳು ಎಲ್ಲವೂ ಹೊಲಿಗೆಯ ಸಂದುಗಳಲ್ಲಿ, ಗಾಳಿಚೀಲದ ತೋಳುಗಳಲ್ಲಿ ಉಳಿಯುತ್ತವೆ. ಮೊದಲ ಸೆಪ್ಟೆಂಬರಿನಲ್ಲಿ ಸೋಮಾರಿತನದಿಂದ ನಾಲ್ಕು ದಿನ ನೆಲಮಾಳಿಗೆಯಲ್ಲಿ ಹಾಗೆಯೇ ಇಟ್ಟದ್ದಕ್ಕೆ ಬೂಷ್ಟಿನ ವಾಸನೆ ಹಿಡಿದು, ಅದು ಹೋಗಲು ವಿನೆಗರ್ ನೀರಿನಲ್ಲಿ ಮೂರು ಬಾರಿ ಒರೆಸಬೇಕಾಯಿತು. ಈಗ ಮನೆಗೆ ಬಂದ ಕೂಡಲೇ ಸ್ನಾನದ ತೊಟ್ಟಿಯಲ್ಲಿ ಕೈಷವರ್‌ನಿಂದ ತೊಳೆದು, ಬಾಲ್ಕನಿಯ ಸರಳಿನ ಮೇಲೆ ಮಗುಚಿ ಹಾಕಿ, ಮರುದಿನ ಒಳಮೈ ಹೊರಗೆ ಬರುವಂತೆ ತಿರುಗಿಸಿ, ಎರಡು ದಿನ ಬಿಡುತ್ತೇನೆ. ಹೆಂಡತಿ ಬಟ್ಟೆ ಒಣಹಾಕಲು ಜಾಗವಿಲ್ಲವೆಂದು ಹೇಳುವುದು ನ್ಯಾಯವೇ ಆಗಿದೆ. ಭಾನುವಾರ ಬಟ್ಟೆ ಒಗೆಯುವುದಿಲ್ಲ, ಸೋಮವಾರ ದೋಣಿ ಹೊರಗಿರುವುದಿಲ್ಲ ಎಂಬ ಒಪ್ಪಂದಕ್ಕೆ ಬರಲು ಯತ್ನಿಸಿದೆವು, ಆದರೆ ಮೋಡ ಕವಿದ ವಾರಗಳಲ್ಲಿ ಅದು ನಡೆಯುವುದಿಲ್ಲ.

ಒಣಗಿಸುವುದಕ್ಕೆ ಮನೆಯಾಚೆಗಿನ ಕಾರಣವೂ ಇದೆ. ಕಪ್ಪು ಸಮುದ್ರದ ಕಡೆಯ ಕ್ವಾಗಾ ಚಿಪ್ಪುಜೀವಿ 2016ರಲ್ಲಿ ಬೋಡನ್‌ಸೇ ಸರೋವರದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಅದು ಈಗ ನೀರಿನ ಕೊಳವೆಗಳಿಗೂ ಮೀನುಗಳ ಆಹಾರಕ್ಕೂ ಕಂಟಕವಾಗಿದೆ. ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಒದ್ದೆ ದೋಣಿಯೊಳಗಿನ ನಾಲ್ಕು ಹನಿಗಳಲ್ಲೂ ಇನ್ನೊಂದು ಸರೋವರಕ್ಕೆ ಪ್ರಯಾಣ ಮಾಡಬಲ್ಲವು. ಒಂದೇ ಸರೋವರದಲ್ಲಿ ಕಟ್ಟಿಹಾಕಿದ ದೋಣಿಗಿಂತ, ವಾರಕ್ಕೊಂದು ನೀರಿಗಿಳಿಯುವ ನಮ್ಮಂಥವರ ದೋಣಿಯೇ ಈ ವಿಷಯದಲ್ಲಿ ಹೆಚ್ಚು ಅಪಾಯಕಾರಿ. ಪೂರ್ತಿ ಒಣಗದ ಹೊರತು ದೋಣಿಯನ್ನು ಬೇರೊಂದು ಸರೋವರಕ್ಕೆ ಇಳಿಸುವುದಿಲ್ಲವೆಂದು ನಾನು ನಿಶ್ಚಯಿಸಿದ್ದೇನೆ, ಅದರಿಂದ ಒಂದೆರಡು ಒಳ್ಳೆಯ ಭಾನುವಾರಗಳು ಕೈತಪ್ಪಿದರೂ ಸರಿ.

ಬಾಳಿಕೆಯ ಬಗ್ಗೆ ಹೇಳುವುದಾದರೆ, ಹೊದಿಕೆ ಅನಿರೀಕ್ಷಿತವಾಗಿ ಗಟ್ಟಿ, ಚೌಕಟ್ಟು ಅನಿರೀಕ್ಷಿತವಾಗಿ ನಾಜೂಕು. ಈಸಾರ್ ನದಿಯ ನುಣುಪು ಬೆಣಚುಕಲ್ಲುಗಳ ಮೇಲೆ ಹಲವು ಬಾರಿ ಉಜ್ಜಿದರೂ ಗೀರುಗಳು ಬಿದ್ದವೇ ಹೊರತು ತೂತಾಗಲಿಲ್ಲ. ಒಂದೇ ಒಂದು ಬಾರಿ ದಡದಲ್ಲಿದ್ದ ತಂತಿಯ ತುದಿ ಚುಚ್ಚಿದಾಗ, ಮದ್ಯಸಾರದಿಂದ ಒರೆಸಿ, ಜೊತೆಗೆ ಬಂದಿದ್ದ ಪಿವಿಸಿ ತುಂಡನ್ನು ಅಂಟಿಸಿ, ಮೇಲೆ ಭಾರ ಹೇರಿ ಒಂದು ರಾತ್ರಿ ಬಿಟ್ಟೆ. ಆ ತೇಪೆ ಇಂದಿಗೂ ಅಲುಗಿಲ್ಲ. ಕೊಳವೆಗಳ ಕತೆ ಬೇರೆ. ಕಳೆದ ವರ್ಷ ರಜೆಯಲ್ಲಿ ಆಡ್ರಿಯಾಟಿಕ್ ಸಮುದ್ರಕ್ಕೆ ಒಯ್ದು, ಒಂದು ವಾರ ಜೋಡಿಸಿದ ಹಾಗೆಯೇ ಇಟ್ಟಿದ್ದೆ. ಬಿಚ್ಚಲು ಹೋದಾಗ ಉಪ್ಪು ಮತ್ತು ಮರಳು ಸೇರಿ ಕೂಡುಗಳು ಬೆಸೆದಂತೆ ಕಚ್ಚಿಕೊಂಡಿದ್ದವು. ಬಿಸಿನೀರು ಸುರಿದು, ಒದ್ದೆ ಬಟ್ಟೆ ಸುತ್ತಿ ತಿರುಚಿ, ಇಬ್ಬರೂ ಎಳೆದು ಒಂದೂವರೆ ಗಂಟೆಯಲ್ಲಿ ಬಿಡಿಸಿದೆವು, ಒಂದು ಕೊಳವೆ ಬಾಗಿಯೇ ಹೋಯಿತು. ಸಮುದ್ರಕ್ಕೆ ಒಯ್ಯುವವರು ಪ್ರತಿ ಸಂಜೆ ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಬೇಕು, ಕೂಡುಗಳಿಗೆ ತೆಳ್ಳಗೆ ಮೇಣ ಸವರಬೇಕು. ಕೈಪಿಡಿಯಲ್ಲಿ ಇದು ಒಂದೇ ಸಾಲಿನಲ್ಲಿ ಬಂದಿತ್ತು, ನಾನು ಅದನ್ನು ಓದಿಯೂ ಲೆಕ್ಕಿಸಿರಲಿಲ್ಲ. ಬದಲಿ ಕೊಳವೆ ಎರಡು ವಾರದಲ್ಲಿ 28 ಯೂರೋಗಳಿಗೆ ಬಂದಿತು. ಬಿಡಿಭಾಗ ಹತ್ತು ವರ್ಷದ ನಂತರವೂ ಸಿಗುವುದೇ ಎಂಬುದನ್ನು ಕೊಳ್ಳುವ ಮೊದಲೇ ಬರಹದಲ್ಲಿ ಕೇಳಿ ಪಡೆಯುವುದು ಉತ್ತಮ. ಒಂದು ಕೊಳವೆಯಿಲ್ಲದಿದ್ದರೆ ಇಡೀ ದೋಣಿ ಬರೀ ಚೀಲ.

ಹೊಸದಾಗಿ ನಾನು ಕೊಟ್ಟ ಬೆಲೆ 1,100 ಯೂರೋ, ಮೂರು ಬೇಸಿಗೆಗಳಲ್ಲಿ ನೀರಿಗಿಳಿದದ್ದು 61 ದಿನ. ನೀರಿನ ಪಕ್ಕದಲ್ಲೇ ಮನೆಯಿದ್ದವರು, ಕಾರು ಮತ್ತು ಗ್ಯಾರೇಜು ಇದ್ದವರು ಇಷ್ಟು ಹಣಕ್ಕೆ ಇದಕ್ಕಿಂತ ವೇಗದ ಗಟ್ಟಿ ಕಯಾಕ್ ಕೊಳ್ಳಬಹುದು, ಕೊಳ್ಳಲಿ. ಬೆನ್ನುನೋವು ಇರುವವರಿಗೆ, ವರ್ಷಕ್ಕೆ ನಾಲ್ಕೈದು ಬಾರಿ ಮಾತ್ರ ಹೋಗುವವರಿಗೆ ಸರೋವರದ ದಡದಲ್ಲೇ ಬಾಡಿಗೆ ದೋಣಿ ಪಡೆಯುವುದು ಮೇಲು.

ಮಗಳು ಬೆಳೆಯುತ್ತಿದ್ದಾಳೆ. ಮುಂದಿನ ಬೇಸಿಗೆಗೆ ಅವಳ ಮೊಣಕಾಲು ನನ್ನ ಬೆನ್ನಿಗೆ ತಾಗುವುದು ಖಚಿತ, ಮತ್ತು “ಅಪ್ಪಾ, ನನಗೂ ಒಂದು ಹುಟ್ಟು ಬೇಕು” ಎಂದು ಈಗಾಗಲೇ ಕೇಳಿದ್ದಾಳೆ. ಕೆಳಗಿನ ಮನೆಯ ಹಿರಿಯರು ಮರದ ಚೌಕಟ್ಟಿನ ತಮ್ಮ ಹಳೆಯ ಎರಡಾಳಿನ ಮಡಚುವ ದೋಣಿಯನ್ನು ಒಂದು ವಾರಾಂತ್ಯ ನಮಗೆ ಕೊಟ್ಟಿದ್ದರು. ಪೂರ್ವ ಜರ್ಮನಿಯ ಪೌಖ್ ಊರಿನಲ್ಲಿ ತಯಾರಾದ ಆರ್‌ಝಡ್ 85 ಅದು. 85 ಎಂಬುದು ಸೆಂಟಿಮೀಟರ್ ಲೆಕ್ಕದಲ್ಲಿ ಅದರ ಅಗಲ. ಐದೂವರೆ ಮೀಟರ್ ಉದ್ದದ ಆ ದೋಣಿ ನಮ್ಮ ಪುಟ್ಟ ದೋಣಿಯ ಓಲಾಟವಿಲ್ಲದೆ ಗೆರೆ ಎಳೆದಂತೆ ನೇರವಾಗಿ ಸಾಗಿತು, ಒಳಗೆ ಬಿಸಿಲಿಗೆ ಕಾದ ಮರದ ಮತ್ತು ವಾರ್ನಿಶ್‌ನ ವಾಸನೆಯಿತ್ತು. ಆದರೆ ಚೀಲಗಳು ಎರಡು, ಒಬ್ಬನಿಂದ ಹೊರಲಾಗದ ಭಾರ. ಗಾಲಿಯ ಗಾಡಿಯಿಲ್ಲದೆ ನಿಲ್ದಾಣ ಮುಟ್ಟುವಂತಿಲ್ಲ. ಅಂಥದೇ ಒಂದನ್ನು ಹಳೆಯದಾಗಿ ಕೊಳ್ಳಲು ಈ ಚಳಿಗಾಲದಲ್ಲಿ ಹುಡುಕುತ್ತಿದ್ದೇನೆ. ಸಣ್ಣ ದೋಣಿಯನ್ನು ಮಾತ್ರ ಮಾರುವುದಿಲ್ಲ. ಅದರ ಎಲಾಸ್ಟಿಕ್ ಹುರಿಗಳು ಸಡಿಲವಾಗಿವೆ, ಮಾರ್ಚ್ ತಿಂಗಳೊಳಗೆ ಹೊಸದನ್ನು ಪೋಣಿಸಬೇಕಾಗಿದೆ.